ಮಕ್ಕಳಿರುವ ಮನೆಗೆ ಮರಿ ಬೇಡ, ಬೆಳೆದ ನಾಯಿ ತನ್ನಿ

1/9

ರಜೆ ಹತ್ತಿರ ಬಂತು ಅಂದ್ರೆ ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆಯಿಂದ ಈ ಪೇಜಿಗೆ ಒಂದೇ ತರದ ಮೆಸೇಜ್ ಬರ್ತದೆ. “ಮಗಳು ನಾಯಿಮರಿ ಬೇಕು ಅಂತ ಹಟ ಹಿಡಿದು ಕೂತಿದ್ದಾಳೆ. ಎಲ್ಲಾದ್ರೂ ಸಣ್ಣ ಮರಿ ಇದ್ರೆ ಹೇಳಿ. ಮಕ್ಕಳ ಜೊತೆಗೇ ಬೆಳೀಲಿ.”

ಕೇಳೋಕೆ ಚಂದ. ಆದ್ರೆ ನನ್ನ ಉತ್ತರ ಪ್ರತಿ ಸಲ ಒಂದೇ. ಸಣ್ಣ ಮಕ್ಕಳಿರುವ ಮನೆಗೆ ಮರಿ ಬೇಡ. ಎರಡು ವರ್ಷ ದಾಟಿದ, ಸ್ವಭಾವ ಎಂಥದ್ದು ಅಂತ ನಾಲ್ಕು ಜನರಿಗೆ ಗೊತ್ತಿರುವ ನಾಯಿ ತನ್ನಿ.

ಹೀಗಂದ ಕೂಡಲೇ ಮೂರು ಮಾತು ತಿರುಗಿ ಬರ್ತದೆ. “ದೊಡ್ಡ ನಾಯಿ ಹೊಂದಿಕೊಳ್ಳೋದಿಲ್ಲ.” “ಹಳೇ ಜಾಗ ಹುಡುಕಿಕೊಂಡು ಓಡಿಹೋಗ್ತದೆ.” “ಮಗುವಿಗೆ ಕಚ್ಚಿದ್ರೆ ಯಾರು ಹೊಣೆ?” ಮೂರೂ ಸುಮ್ಮನೆ ಹುಟ್ಟಿದ ಭಯ ಅಲ್ಲ. ಮೂರನೆಯದಂತೂ ಪ್ರತಿ ಅಪ್ಪ ಅಮ್ಮ ಕೇಳಲೇಬೇಕಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡದೆ, “ನಾಯಿ ಅಂದ್ರೆ ಪ್ರೀತಿ, ದತ್ತು ತಗೊಳ್ಳಿ” ಅಂತ ಬರೆದು ಹಾರ್ಟ್ ಹಾಕುವ ಪೋಸ್ಟ್‌ಗಳು ಬೇಕಾದಷ್ಟಿವೆ. ಇದು ಅಂಥ ಪೋಸ್ಟ್ ಅಲ್ಲ.

ನಾನು ಪಶುವೈದ್ಯೆ ಅಲ್ಲ. ಮಕ್ಕಳೂ ನಾಯಿಯೂ ಒಂದೇ ಜಗಲಿಯಲ್ಲಿ ಇರುವ ಮನೆಯವಳು. ಯಾಕೆ ಬೆಳೆದ ನಾಯಿ, ಯಾವ ನಾಯಿ, ರೇಬಿಸ್ ಭಯಕ್ಕೆ ಏನು ಮಾಡೋದು, ಮೊದಲ ಮೂರು ತಿಂಗಳು ಹೇಗೆ, ಮಕ್ಕಳಿಗೆ ಏನು ಕಲಿಸೋದು, ಅಕ್ಕಪಕ್ಕದವರ ಕತೆ ಏನು, ಎಲ್ಲ ಈ ಒಂಬತ್ತು ಕಂತಿನಲ್ಲಿ ಉಂಟು. ಪೂರ್ತಿ ಓದಿ ಆಮೇಲೆ ಬೈಯಿರಿ.

2/9
ಮರಿ ಮುದ್ದು, ಹೌದು. ಆಮೇಲೆ?

ಮೂರೂವರೆ ನಾಲ್ಕು ತಿಂಗಳಿಗೆ ಮರಿಯ ಹಾಲುಹಲ್ಲು ಬೀಳೋಕೆ ಶುರುವಾಗಿ, ಏಳನೇ ತಿಂಗಳ ಹೊತ್ತಿಗೆ ಗಟ್ಟಿ ಹಲ್ಲು ಬಂದಿರ್ತದೆ. ಅಷ್ಟರವರೆಗೆ ಅದಕ್ಕೆ ಸಿಕ್ಕಿದ್ದೆಲ್ಲ ಕಚ್ಚಬೇಕು. ಚಪ್ಪಲಿ, ಶಾಲೆ ಬ್ಯಾಗಿನ ಪಟ್ಟಿ, ಓಡುವ ಮಗುವಿನ ಹಿಮ್ಮಡಿ. ಅದರ ಪಾಲಿಗೆ ಅದು ಆಟ. ನಾಲ್ಕು ವರ್ಷದ ಮಗುವಿನ ಪಾಲಿಗೆ ಸೂಜಿ ಚುಚ್ಚಿದ ಹಾಗೆ. ಮಗು ಕಿರುಚಿ ಓಡ್ತದೆ, ಮರಿಗೆ ಇನ್ನೂ ಮಜಾ ಬರ್ತದೆ. ನಾಯಿ ಅಂದ್ರೆ ಹೆದರುವ ಎಷ್ಟೋ ಮಕ್ಕಳ ಹೆದರಿಕೆ ಶುರುವಾದದ್ದು ದೊಡ್ಡ ನಾಯಿಯಿಂದಲ್ಲ, ಮನೆಯದೇ ಮರಿಯಿಂದ.

ಎರಡನೆಯದು ಹೊಟ್ಟೆಹುಳ. ಟಾಕ್ಸೊಕಾರಾ ಎಂಬ ದುಂಡುಹುಳ ತಾಯಿಯ ಗರ್ಭದಲ್ಲೇ ಮರಿಗೆ ದಾಟ್ತದೆ. ಬೆಳೆದ ನಾಯಿಗಿಂತ ಮರಿಗಳ ಮಲದಲ್ಲಿ ಅದರ ಮೊಟ್ಟೆ ಜಾಸ್ತಿ. ಅಂಗಳದ ಮಣ್ಣಲ್ಲಿ ಆಡಿ ಅದೇ ಕೈ ಬಾಯಿಗೆ ಹಾಕುವವರು ಯಾರು? ನಮ್ಮ ಮಕ್ಕಳೇ.

ಮೂರನೆಯದು ಲಸಿಕೆ. ರೇಬಿಸ್ ಲಸಿಕೆಯನ್ನು ಸಾಮಾನ್ಯವಾಗಿ ಮೂರು ತಿಂಗಳು ತುಂಬಿದ ಮೇಲೆ ಕೊಡ್ತಾರೆ. ಅಲ್ಲಿಯವರೆಗೆ ಬೀದಿಯಿಂದ ತಂದ ಮರಿಗೆ ರಕ್ಷಣೆ ಇಲ್ಲ. ಮರಿಗೂ ರೇಬಿಸ್ ಬರ್ತದೆ ಅನ್ನೋದು ಬಹಳ ಜನರಿಗೆ ಗೊತ್ತೇ ಇಲ್ಲ. “ಮರಿ ಪರಚಿದ್ದಲ್ಲವಾ, ಎಂತ ಆಗೋದಿಲ್ಲ” ಅಂತ ಅರಿಶಿನ ಹಚ್ಚಿ ಸುಮ್ಮನಾಗ್ತಾರೆ.

ನಾಲ್ಕನೆಯದು ಕೆಲಸ. ಎರಡು ತಾಸಿಗೊಮ್ಮೆ ನೆಲ ಒರೆಸೋದು ಯಾರು? ಹಟ ಹಿಡಿದ ಮಗಳೂ ಅಲ್ಲ, ತಂದುಕೊಟ್ಟ ಅಪ್ಪನೂ ಅಲ್ಲ. ಯಾರು ಅಂತ ಈ ಸಾಲು ಓದುತ್ತಿರುವ ಅಮ್ಮಂದಿರಿಗೆ ಗೊತ್ತು.

ಆರು ತಿಂಗಳಾಗುವಾಗ ಮುದ್ದು ಮುಗೀತದೆ, ಕಚ್ಚೋದು ಮುಗಿಯೋದಿಲ್ಲ. ಹೆಣ್ಣಾದ್ರೆ ವರ್ಷದೊಳಗೆ ಬೆದೆಗೆ ಬರ್ತದೆ. ಆಮೇಲೆ ಒಂದು ಗೋಣಿಚೀಲ, ಒಂದು ಬೈಕು, ಮೀನುಮಾರ್ಕೆಟ್ಟಿನ ಹಿಂದಿನ ಜಾಗ. ಸಾಕಿದ ಪ್ರಾಣಿಯನ್ನು ಹಸಿದು ಬಳಲುವಂತೆ ಬಿಟ್ಟುಹೋಗೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆದ್ರೆ ಕಾಯ್ದೆಗಿಂತ ದೊಡ್ಡ ಸಾಕ್ಷಿ ಮನೆಯಲ್ಲೇ ಉಂಟು. ಅದಕ್ಕೆ ಕೊನೇ ಕಂತಿನಲ್ಲಿ ಬರ್ತೇನೆ.

3/9
ಬೆಳೆದ ನಾಯಿಯ ದೊಡ್ಡ ಗುಣ: ಅದು ಯಾರು ಅಂತ ಗೊತ್ತು

ಎರಡು ತಿಂಗಳ ಮರಿಯನ್ನು ನೋಡಿ ಅದು ಎಷ್ಟು ದೊಡ್ಡದಾಗ್ತದೆ, ಮಕ್ಕಳ ಗಲಾಟೆ ತಡೀತದಾ, ಅನ್ನದ ಬಟ್ಟಲ ಹತ್ತಿರ ಬಂದವರಿಗೆ ಗುರ್ ಅಂತದಾ ಅಂತ ಯಾರೂ ಹೇಳೋಕೆ ಆಗೋದಿಲ್ಲ. ನಾಯಿಯ ಸ್ವಭಾವ ಒಂದು ನೆಲೆಗೆ ಬರೋದು ಒಂದೂವರೆಯಿಂದ ಮೂರು ವರ್ಷದೊಳಗೆ. ಮರಿ ತರೋದು ಅಂದ್ರೆ ಲಾಟರಿ. ಬೆಳೆದ ನಾಯಿ ತರೋದು ಅಂದ್ರೆ ನೋಡಿ, ವಿಚಾರಿಸಿ ಆರಿಸೋದು.

ಇದು ಹೊಸ ಮಾತೇನಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, ಕ್ರಿ.ಶ. 949-50ರ ಕಾಲದ ಶಾಸನದ ಕತೆ ಕೇಳಿ. ಯುದ್ಧದಲ್ಲಿ ಮೆಚ್ಚುವಂತೆ ಹೋರಾಡಿದ ಮಣಲೆರ ಎಂಬ ವೀರನಿಗೆ ಒಡೆಯ, ಬೇಕಾದ್ದು ಕೇಳು ಅಂದ. ಆತ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಯಾವುದೋ ಒಂದು ನಾಯಿ ಅಲ್ಲ, ಹೆಸರು ಹಿಡಿದು ಕೇಳಿದ. ಅದರ ಗುಣ ಗೊತ್ತಿದ್ದ ಕಾರಣಕ್ಕೇ ಅಲ್ಲವಾ? ಆಮೇಲೆ ಒಂದು ದೊಡ್ಡ ಕಾಡುಹಂದಿಯ ಜೊತೆ ಕಾದಾಡಿ ಕಾಳಿ ಸತ್ತಿತು, ಹಂದಿಯೂ ಸತ್ತಿತು. ಆ ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆ ನಡೆಯಲಿ ಅಂತ ಭೂಮಿ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಉಂಟು. ಹೋದಾಗ ಮಕ್ಕಳಿಗೆ ತೋರಿಸಿ. ಇನ್ನೊಬ್ಬರ ಹತ್ತಿರ ಬೆಳೆದ ನಾಯಿ ಹೊಸ ಮನೆಗೆ ಜೀವ ಕೊಡೋದಿಲ್ಲ ಅನ್ನುವವರಿಗೆ ಸಾವಿರ ವರ್ಷ ಹಳೆಯ ಉತ್ತರ ಅದು.

ನಮ್ಮ ಕಾಲದ ಕತೆ ಬೇಕಾದ್ರೆ ‘777 ಚಾರ್ಲಿ’. 2022ರ ಜೂನ್‌ನಲ್ಲಿ ಬಂತು, ಮನೆಮಂದಿಯೆಲ್ಲ ಅತ್ತು ಬಂದೆವು. ಧರ್ಮ ಚಾರ್ಲಿಯನ್ನು ಅಂಗಡಿಯಲ್ಲಿ ಆರಿಸಿ ತಂದದ್ದಲ್ಲ. ಹಿಂಸೆಯಿಂದ ತಪ್ಪಿಸಿಕೊಂಡು ಬಂದ ನಾಯಿ ಅದು. ಮರಿ ಮಾಡಿ ಮಾರುವವರ ಕ್ರೂರತನವನ್ನೇ ಸಿನಿಮಾ ತೋರಿಸಿದ್ದು. ಆದ್ರೂ ನೋಡಿ ಬಂದವರಲ್ಲಿ ಸುಮಾರು ಜನ ನನ್ನ ಹತ್ತಿರ ಕೇಳಿದ್ದು “ಲ್ಯಾಬ್ರಡಾರ್ ಮರಿ ಎಲ್ಲಿ ಸಿಗ್ತದೆ?” ಅಂತ. ಎಂತ ಹೇಳೋದು ಮಾರಾಯ್ರೆ.

4/9
ಹಾಗಾದ್ರೆ ಯಾವ ನಾಯಿ?

(ಫೋಟೊ: ಕಾಸರಕೋಡ ಬಂದರಿನಲ್ಲಿ ದೋಣಿಯ ನೆರಳಲ್ಲಿ ಮಲಗಿದ ನಾಯಿ.)

ನಮ್ಮ ಕರಾವಳಿಯಲ್ಲಿ ಬೆಳೆದ ನಾಯಿ ಮೂರು ದಾರಿಯಲ್ಲಿ ಸಿಗ್ತದೆ.

ಒಂದು, ಮನೆ ಬಿಟ್ಟು ಹೋಗುವವರ ನಾಯಿ. ವರ್ಗಾವಣೆ ಆದವರು, ಗಲ್ಫಿಗೆ ಹೋಗುವವರು, ಅಜ್ಜ ತೀರಿಕೊಂಡ ಮೇಲೆ ಅಜ್ಜಿಯನ್ನು ಬೆಂಗಳೂರಿಗೆ ಕರಕೊಂಡು ಹೋಗುವವರು. ಈ ನಾಯಿಗೆ ಮನೆ ಅಭ್ಯಾಸ, ಲಸಿಕೆ ಚೀಟಿ, ಹೆಸರು ಎಲ್ಲ ಉಂಟು. ಮಕ್ಕಳಿದ್ದ ಮನೆಯಲ್ಲೇ ಬೆಳೆದಿದ್ರೆ ಇದಕ್ಕಿಂತ ಒಳ್ಳೇದು ಇಲ್ಲ.

ಎರಡು, ನಿಮ್ಮ ಕೇರಿಯದೇ ನಾಯಿ. ಹೇಗೂ ನಿಮ್ಮ ಜಗಲಿಯಲ್ಲೇ ಮಲಗ್ತದೆ, ನಿಮ್ಮ ಮಕ್ಕಳನ್ನು ಬಸ್ಸಿನವರೆಗೆ ಬಿಟ್ಟು ಬರ್ತದೆ. ‘ಕಂತ್ರಿ’ ಅಂತ ಕರೆದು ಕಡೆಗಣಿಸಿದ ಆ ನಾಯಿಗೆ ನಮ್ಮ ಮಳೆ, ನಮ್ಮ ಸೆಕೆ ಎರಡೂ ಗೊತ್ತು.

ಮೂರು, ಬಂದರು ಮತ್ತು ಬೀಚಿನ ನಾಯಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ತದಡಿ, ಕಾಸರಕೋಡ, ಅಳ್ವೆಕೋಡಿಯಲ್ಲಿ ಮೀನಿಲ್ಲ ಅಂದ್ರೆ ನಾಯಿಗಳಿಗೂ ಊಟ ಇಲ್ಲ. ಗೋಕರ್ಣದಲ್ಲಿ ಪ್ರವಾಸಿಗರು ಸೀಸನ್ ಪೂರ್ತಿ ಬಿಸ್ಕೆಟ್ ಹಾಕಿ, ಮಳೆ ಶುರುವಾಗುವ ಮೊದಲು ಹೊರಟು ಹೋಗ್ತಾರೆ. ಇವುಗಳಲ್ಲಿ ಕೆಲವು ಬಹಳ ಸಾಧು. ಕೆಲವಕ್ಕೆ ಮನೆ ಅಂದ್ರೆ ಏನು ಅಂತಲೇ ಗೊತ್ತಿಲ್ಲ. ಮೊದಲ ಸಲ ನಾಯಿ ಸಾಕುವವರು ಇಲ್ಲಿಂದ ಶುರು ಮಾಡಬೇಡಿ.

ಕಾನೂನಿನ ಮಾತು. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟು, ಬೀದಿನಾಯಿ ದತ್ತು ಪಡೆಯಲು ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಡಬಹುದು, ಪಡೆದ ಮೇಲೆ ಅದು ಮತ್ತೆ ಬೀದಿಗೆ ಬರದ ಹಾಗೆ ನೋಡಿಕೊಳ್ಳೋದು ಅವರದೇ ಜವಾಬ್ದಾರಿ ಅಂತ ಹೇಳಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ನಾಯಿಗಳನ್ನು ತೆಗೆಯಿರಿ, ಮತ್ತೆ ಅಲ್ಲೇ ಬಿಡಬೇಡಿ ಅಂತ ಆದೇಶಿಸಿತು. ಅಂದ್ರೆ ಬಸ್ ಸ್ಟ್ಯಾಂಡಿನ ಆ ಸಾಧು ನಾಯಿಗೆ ಒಂದು ಮನೆ ಸಿಗೋದು ಈಗ ಬರೀ ಕರುಣೆಯ ಮಾತಲ್ಲ. ಪುರಸಭೆ, ಪಟ್ಟಣ ಪಂಚಾಯತಿ ಅಥವಾ ಗ್ರಾಮ ಪಂಚಾಯತಿಯಲ್ಲಿ ಕೇಳಿಯೇ ತನ್ನಿ.

ಆರಿಸುವ ಮೊದಲು ಎರಡು ವಾರ ಸುಮ್ಮನೆ ನೋಡಿ. ಮಕ್ಕಳು ಓಡಿದ್ರೆ ಅಟ್ಟಿಸಿಕೊಂಡು ಹೋಗ್ತದಾ? ಬೈಕಿನ ಹಿಂದೆ ಓಡ್ತದಾ? ತಿನ್ನುವಾಗ ಹತ್ತಿರ ಹೋದವರಿಗೆ ಏನು ಮಾಡ್ತದೆ? ಕರೆದ್ರೆ ಮೈ ಬಳುಕಿಸಿಕೊಂಡು ಬರ್ತದಾ, ಬಾಲ ಮುದುರಿಕೊಂಡಾ? ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತು ಇದ್ರೆ ಸಂತಾನಹರಣ ಚಿಕಿತ್ಸೆ ಆಗಿದೆ ಅಂತ ಅರ್ಥ. ಈ ಪರೀಕ್ಷೆಗೆಲ್ಲ ದೊಡ್ಡವರು ಮಾತ್ರ. ಮಗುವನ್ನು ಮುಂದೆ ಬಿಟ್ಟು ನೋಡೋದಲ್ಲ.

5/9
ರೇಬಿಸ್: ಈ ಕಂತನ್ನು ಸೇವ್ ಮಾಡಿಟ್ಟುಕೊಳ್ಳಿ

ಇಲ್ಲಿ ಸಮಾಧಾನದ ಮಾತು ಇಲ್ಲ. ರೋಗದ ಲಕ್ಷಣ ಕಾಣಿಸಿದ ಮೇಲೆ ರೇಬಿಸ್‌ನಿಂದ ಬದುಕಿ ಉಳಿಯೋದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಸಾವು. ಅದರಲ್ಲಿ ಶೇ. 40ರಷ್ಟು 15 ವರ್ಷದೊಳಗಿನ ಮಕ್ಕಳು. ಮನುಷ್ಯರಿಗೆ ಬರುವ ಪ್ರಕರಣಗಳಲ್ಲಿ ಶೇ. 99 ನಾಯಿಯಿಂದ. ಮಕ್ಕಳಿರುವ ಮನೆಯವರು ಹೆದರಬೇಕು. ಹೆದರಿ, ಮಾಡಬೇಕಾದ್ದನ್ನು ಮಾಡಬೇಕು.

ಯಾಕಂದ್ರೆ ಇದು ಪೂರ್ತಿಯಾಗಿ ತಡೆಯಬಹುದಾದ ರೋಗವೂ ಹೌದು. 1885ರಲ್ಲಿ ಲೂಯಿ ಪಾಶ್ಚರ್‌ನ ಲಸಿಕೆ ಉಳಿಸಿದ್ದು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನನ್ನು. ಅಂದಿನಿಂದ ಇಂದಿನವರೆಗೆ ಲಸಿಕೆ ಸುಧಾರಿಸುತ್ತಲೇ ಬಂದಿದೆ. ಸುಧಾರಿಸದೆ ಉಳಿದದ್ದು ನಮ್ಮ ಉದಾಸೀನ.

ನಾಯಿ ತಂದ ದಿನ ಮನೆಗಿಂತ ಮೊದಲು ಪಶು ಆಸ್ಪತ್ರೆಗೆ ಹೋಗಿ. ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆ ಉಂಟು. ರೇಬಿಸ್ ಲಸಿಕೆ, ಹುಳದ ಔಷಧ, ಉಣುಗಿಗೆ ಔಷಧ, ಇಲಿಜ್ವರವೂ ಸೇರಿರುವ ಲಸಿಕೆ, ಮುಂದಿನ ತಾರೀಖು ಬರೆದ ಚೀಟಿ. ಆಮೇಲೆ ಪ್ರತಿ ವರ್ಷ ರೇಬಿಸ್ ಲಸಿಕೆ. ಬೆಳೆದ ನಾಯಿಗೆ ಇದನ್ನು ಮೊದಲ ದಿನವೇ ಕೊಡಬಹುದು. ಮರಿಗೆ ಕಾಯಬೇಕು.

ಲಸಿಕೆ ಹಾಕಿದ ದಿನವೇ ರಕ್ಷಣೆ ಬರೋದಿಲ್ಲ, ಮೂರು ನಾಲ್ಕು ವಾರ ಬೇಕು. ಬೀದಿಯಿಂದ ಬಂದ ನಾಯಿಗೆ ಮೊದಲೇ ಯಾವುದಾದ್ರೂ ನಾಯಿ ಕಚ್ಚಿತ್ತಾ ಅಂತ ನಮಗೆ ಗೊತ್ತಿರೋದಿಲ್ಲ, ರೋಗ ಹೊರಗೆ ಕಾಣಲು ವಾರಗಟ್ಟಲೆ, ತಿಂಗಳುಗಟ್ಟಲೆ ಹಿಡಿಯಬಹುದು. ಅದಕ್ಕೆ ಮೊದಲ ತಿಂಗಳು ಅದರ ಊಟ, ಸ್ನಾನ, ಹಗ್ಗ ಎಲ್ಲ ದೊಡ್ಡವರ ಕೈಯಲ್ಲೇ ಇರಲಿ. ನಾಯಿಯ ನಡವಳಿಕೆ ಏಕಾಏಕಿ ಬದಲಾದ್ರೆ, ಜೊಲ್ಲು ಸುರಿಸಿದ್ರೆ, ನುಂಗೋಕೆ ಕಷ್ಟಪಟ್ಟರೆ ಮುಟ್ಟದೆ ಡಾಕ್ಟ್ರಿಗೆ ತಿಳಿಸಿ. ಮಕ್ಕಳಿಗೆ ಮುಂಚಿತವಾಗಿಯೇ ಕೊಡುವ ರೇಬಿಸ್ ಲಸಿಕೆ ಉಂಟು. ನಿಮ್ಮ ಮಕ್ಕಳ ಡಾಕ್ಟ್ರ ಹತ್ತಿರ ಕೇಳಿ.

ಯಾವ ನಾಯಿಯೇ ಆಗಲಿ, ಸಾಕಿದ್ದೇ ಆಗಲಿ, ಕಚ್ಚಿದ್ರೆ, ಪರಚಿದ್ರೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ 15 ನಿಮಿಷ. ಸುಣ್ಣ, ಅರಿಶಿನ, ಮೆಣಸಿನಪುಡಿ ಯಾವುದೂ ಬೇಡ. ಅದೇ ದಿನ ಸರ್ಕಾರಿ ಆಸ್ಪತ್ರೆ. ಚರ್ಮಕ್ಕೆ ಕೊಡುವ ಕ್ರಮದಲ್ಲಿ 0, 3, 7, 28ನೇ ದಿನ ಚುಚ್ಚುಮದ್ದು. ರಕ್ತ ಬಂದ ಗಾಯಕ್ಕೆ ಅದರ ಜೊತೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕು. ಬಾಯಿಬಿಟ್ಟು ಕೇಳಿ. ಕೊನೇ ಚುಚ್ಚುಮದ್ದು ತಪ್ಪಿಸಬೇಡಿ.

6/9
ಮೊದಲ ಮೂರು ತಿಂಗಳು

ನಾಯಿ ಸಾಕುವವರ ನಡುವೆ ಒಂದು ರೂಢಿಯ ಲೆಕ್ಕ ಉಂಟು: ಮೂರು ದಿನ, ಮೂರು ವಾರ, ಮೂರು ತಿಂಗಳು. ವಿಜ್ಞಾನದ ನಿಯಮ ಅಲ್ಲ, ಅನುಭವದ ಅಂದಾಜು. ಮೂರು ದಿನ ಅದಕ್ಕೆ ಗಾಬರಿ. ಮೂರು ವಾರಕ್ಕೆ ಮನೆಯ ಹೊತ್ತುಗೊತ್ತು ತಿಳೀತದೆ. ಮೂರು ತಿಂಗಳಿಗೆ “ಇದು ನನ್ನ ಮನೆ” ಅಂತಾಗ್ತದೆ.

“ಹೊಂದಿಕೊಳ್ಳೋದಿಲ್ಲ” ಅನ್ನುವವರು ಬಹುತೇಕ ನಾಲ್ಕನೇ ದಿನಕ್ಕೇ ತೀರ್ಮಾನ ಕೊಟ್ಟವರು.

ಜಗಲಿಯ ಒಂದು ಮೂಲೆಯನ್ನು ಅದಕ್ಕೆ ಬಿಟ್ಟುಕೊಡಿ. ಹಳೇ ಕಂಬಳಿ, ನೀರಿನ ಬಟ್ಟಲು, ಎರಡು ಕಡೆ ಗೋಡೆ. ಅಲ್ಲಿಗೆ ಮಕ್ಕಳಿಗೆ ಪ್ರವೇಶ ಇಲ್ಲ. ಮನೆಯಲ್ಲಿ ಸದ್ದುಗದ್ದಲ ಜಾಸ್ತಿಯಾದ್ರೆ ಅದು ಅಲ್ಲಿಗೆ ಹೋಗಬೇಕು, ಯಾರೂ ಹಿಂದೆ ಹೋಗಬಾರದು. ಹೋಗೋಕೆ ಜಾಗ ಇಲ್ಲದ ನಾಯಿಯೇ ಕಚ್ಚೋದು.

ಹಳೇ ಜಾಗಕ್ಕೆ ಓಡ್ತದೆ ಅನ್ನೋದು ನಿಜ. ಮೊದಲ ತಿಂಗಳು ಗೇಟು ಹಾಕಿಯೇ ಇರಲಿ, ಹೊರಗೆ ಹೋಗೋದು ಹಗ್ಗದಲ್ಲೇ. ಹಾಗಂತ ದಿನವಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕಬೇಡಿ. ಕಟ್ಟಿಯೇ ಇಟ್ಟ ನಾಯಿ ಸಿಟ್ಟಿನ ನಾಯಿ ಆಗ್ತದೆ. ಬೆಳಿಗ್ಗೆ ಸಂಜೆ ಒಂದೇ ಹೊತ್ತಿಗೆ ಊಟ, ಒಂದೇ ದಾರಿಯಲ್ಲಿ ತಿರುಗಾಟ. ಉಪ್ಪು ಖಾರ ಇಲ್ಲದ ಗಂಜಿಯನ್ನ, ಮುಳ್ಳು ತೆಗೆದ ಬೇಯಿಸಿದ ಮೀನು, ಒಂದು ಮೊಟ್ಟೆ ಸಾಕು. ಹೊಟ್ಟೆ ತುಂಬಿದ, ಹೊತ್ತು ಗೊತ್ತಿರುವ ನಾಯಿಗೆ ಓಡಿಹೋಗಲು ಕಾರಣ ಕಡಿಮೆ.

ಯಾವಾಗ ತರೋದು? ದೀಪಾವಳಿಯ ಹಿಂದೆಮುಂದೆ ಬೇಡ, ಪಟಾಕಿ ಸದ್ದಿಗೆ ಬೆದರಿದ ನಾಯಿ ಯಾವ ಕಡೆ ಓಡಿತು ಅಂತ ಗೊತ್ತಾಗೋದಿಲ್ಲ. ಮದುವೆ, ಮುಂಜಿ, ಹಬ್ಬದ ನೆಂಟರು ಇರುವಾಗ ಬೇಡ. ಬೇಸಿಗೆ ರಜೆಯ ಮೊದಲ ದಿನವೂ ಬೇಡ. ಎರಡು ತಿಂಗಳು ದಿನವಿಡೀ ಮಕ್ಕಳ ಜೊತೆ ಇದ್ದು, ಜೂನ್‌ನಲ್ಲಿ ಶಾಲೆ ಶುರುವಾದಾಗ ಒಮ್ಮೆಲೇ ಒಂಟಿ. ಹೊರಗೆ ಧೋ ಅಂತ ಮಳೆ ಬೇರೆ. ಮನೆಯ ದಿನಚರಿ ಮಾಮೂಲಿಯಾಗಿ ನಡೀತಿರುವ ನವೆಂಬರ್, ಡಿಸೆಂಬರ್, ಜನವರಿಯೇ ನಮ್ಮ ಕಡೆ ಒಳ್ಳೆಯ ಕಾಲ.

ಸ್ವಲ್ಪ ಪಳಗಿದ ಮೇಲೆ ಸಂತಾನಹರಣ ಚಿಕಿತ್ಸೆ ಮಾಡಿಸಿ. ನಾಯಿಯ ಗರ್ಭ ಬರೀ 63 ದಿನದ್ದು. ಒಂದು ನಾಯಿಗೆ ಮನೆ ಕೊಟ್ಟು ಆರು ಮರಿಗಳನ್ನು ಬೀದಿಗೆ ಬಿಟ್ಟರೆ ಲೆಕ್ಕ ಎಲ್ಲಿಗೆ ಬಂತು?

7/9
ತರಬೇತಿ ನಾಯಿಗಿಂತ ಮೊದಲು ಮಕ್ಕಳಿಗೆ

ಸಣ್ಣ ಮಕ್ಕಳಿಗೆ ಕಚ್ಚುವ ನಾಯಿ ಹೆಚ್ಚಿನ ಸಲ ಗುರುತಿನದ್ದೇ. ಮಗುವಿನ ಎತ್ತರ ನಾಯಿಯ ಬಾಯಿಯ ಎತ್ತರ ಆದ ಕಾರಣ ಗಾಯ ಮುಖಕ್ಕೆ, ತಲೆಗೆ, ಕುತ್ತಿಗೆಗೆ ಆಗ್ತದೆ. ಆದ್ದರಿಂದ ಮೊದಲ ನಿಯಮ ದೊಡ್ಡವರಿಗೆ. ಆರು ಏಳು ವರ್ಷದೊಳಗಿನ ಮಗು ಮತ್ತು ನಾಯಿ ಇಬ್ಬರನ್ನೇ ಬಿಟ್ಟು ಒಳಗೆ ಹೋಗಬೇಡಿ. ಒಲೆ ಮೇಲೆ ಹಾಲು ಉಕ್ಕಿದ್ರೆ ಉಕ್ಕಲಿ. ಎಷ್ಟೇ ಸಾಧು ನಾಯಿ ಆದ್ರೂ ಈ ನಿಯಮಕ್ಕೆ ವಿನಾಯಿತಿ ಇಲ್ಲ.

ಮಕ್ಕಳಿಗೆ ಇಷ್ಟು ಕಲಿಸಿ, ನಾಯಿ ಬರುವ ವಾರ ಮೊದಲೇ:

ತಿನ್ನುವ ನಾಯಿ, ಮಲಗಿದ ನಾಯಿ, ಮರಿ ಹಾಕಿದ ನಾಯಿಯ ಹತ್ತಿರ ಹೋಗಬಾರದು.

ತಬ್ಬಿಕೊಳ್ಳೋದು, ಮುಖಕ್ಕೆ ಮುಖ ಕೊಡೋದು ಬೇಡ. ನಮಗೆ ಅದು ಪ್ರೀತಿ, ನಾಯಿಗೆ ಹಿಡಿದು ಹಾಕಿದ ಹಾಗೆ.

ಬಾಲ, ಕಿವಿ ಎಳೆಯಬಾರದು. ಬೆನ್ನ ಮೇಲೆ ಹತ್ತಬಾರದು.

ನಾವು ನಾಯಿಯ ಹತ್ತಿರ ಹೋಗೋದಲ್ಲ, ಕೂತು ಕರೆಯೋದು. ಬಂದ್ರೆ ಎದೆಯ ಕಡೆ ಅಥವಾ ಕುತ್ತಿಗೆಯ ಬದಿಗೆ ಸವರೋದು. ಬರದಿದ್ರೆ “ಇವತ್ತು ಅದಕ್ಕೆ ಬೇಡ” ಅಂತ ಸುಮ್ಮನಾಗೋದು.

ಬೆದರಿದಾಗ ಓಡಬಾರದು, ಕಿರುಚಬಾರದು. ಮರದ ಹಾಗೆ ನಿಲ್ಲೋದು: ಕೈ ಮೈಗೆ ಅಂಟಿಸಿ, ಕಣ್ಣು ನೆಲಕ್ಕೆ.

ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ. ನಮ್ಮ ತಿಂಡಿಯಲ್ಲಿ ಪಾಲು ಕೊಡಬಾರದು.

ಮುಟ್ಟಿದ ಮೇಲೆ ಕೈ ತೊಳೆಯೋದು.

ಕಚ್ಚುವ ಮೊದಲು ನಾಯಿ ಹೇಳ್ತದೆ. ಮುಖ ತಿರುಗಿಸ್ತದೆ, ತುಟಿ ನೆಕ್ಕಿಕೊಳ್ತದೆ, ನಿದ್ದೆ ಇಲ್ಲದೆ ಆಕಳಿಸ್ತದೆ, ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡ್ತದೆ, ಮೈ ಸೆಟೆದು ನಿಲ್ತದೆ. ಯಾರೂ ಕೇಳದಿದ್ರೆ ಗುರ್ ಅಂತದೆ. ಗುರ್ ಅಂದ ನಾಯಿಗೆ ಹೊಡೆಯಬೇಡಿ. ಹೊಡೆದ್ರೆ ಅದು ಕಲಿಯೋದು “ಹೇಳಬಾರದು” ಅಂತ. ಮುಂದಿನ ಸಲ ಹೇಳದೆ ಕಚ್ತದೆ. ಮಗುವನ್ನು ಮೆಲ್ಲ ದೂರ ಕರಕೊಳ್ಳಿ, ಯಾಕೆ ಹೇಳಿತು ಅಂತ ಯೋಚಿಸಿ.

ಮಕ್ಕಳಿಗೆ ಕೆಲಸ ಕೊಡಿ, ಜವಾಬ್ದಾರಿ ಕೊಡಬೇಡಿ. ನೀರಿನ ಬಟ್ಟಲು ತುಂಬಿಸೋದು, ಕ್ಯಾಲೆಂಡರಿನಲ್ಲಿ ಲಸಿಕೆಯ ದಿನಕ್ಕೆ ಗುರುತು ಹಾಕೋದು ಅವರ ಕೆಲಸ. ನಾಯಿಯ ಹೊಣೆ ದೊಡ್ಡವರದ್ದು. “ನೀನೇ ಕೇಳಿದ್ದಲ್ಲವಾ, ನೀನೇ ನೋಡಿಕೋ” ಅಂತ ಎಂಟು ವರ್ಷದ ಮಗುವಿಗೆ ಹೇಳುವ ಹಾಗಿದ್ರೆ ತರಲೇಬೇಡಿ.

8/9
ಒಂದೇ ಮನೆಯಲ್ಲಿ ಅಲ್ಲ, ಒಂದು ಊರಿನಲ್ಲಿ ಸಾಕ್ತಾ ಇದ್ದೀರಿ

ಮಡಿ ಇರುವ ಅಜ್ಜಿಗೆ ನಾಯಿ ದೇವರ ಕೋಣೆಯ ಹತ್ತಿರ ಸುಳಿಯಬಾರದು. ಪಕ್ಕದ ಮುಸ್ಲಿಂ ಮನೆಯವರ ಬಟ್ಟೆಗೆ ನಾಯಿಯ ಜೊಲ್ಲು ತಾಗಿದ್ರೆ ನಮಾಜಿಗೆ ಮೊದಲು ತೊಳೆದು ಶುದ್ಧ ಮಾಡಿಕೊಳ್ಳಬೇಕು. ಭಟ್ಕಳದಂಥ ಊರಿನಲ್ಲಿ ಇದು ದಿನನಿತ್ಯದ ವಿಷಯ. ಇದನ್ನು “ನಾಯಿ ದ್ವೇಷ” ಅಂತ ಕರೆದು ಜಗಳಕ್ಕೆ ನಿಲ್ಲುವವರ ಮೇಲೆ ನನಗೆ ಬೇಸರ. ಎರಡೂ ಮನೆಯವರು ಕೇಳ್ತಿರೋದು ಒಂದೇ: ಒಂದು ಗೆರೆ. ನಾಯಿಗೆ ಗೆರೆ ಕಲಿಸೋದು ಕಷ್ಟ ಅಲ್ಲ. ಹೊಸಿಲು ದಾಟಬಾರದು ಅಂತ ನಾಲ್ಕು ವಾರದಲ್ಲಿ ಕಲೀತದೆ. ಜಗಲಿಯಲ್ಲೇ ಇರುವ ನಾಯಿಗೆ ಪ್ರೀತಿ ಕಡಿಮೆ ಆಗೋದಿಲ್ಲ. ಮಸೀದಿಗೆ, ದೇವಸ್ಥಾನಕ್ಕೆ, ಶಾಲೆಗೆ ಜನ ಹೋಗಿಬರುವ ಹೊತ್ತಿಗೆ ಗೇಟು ಹಾಕಿರಲಿ. ತಿರುಗಾಟಕ್ಕೆ ಹೋದಾಗ ಕಕ್ಕಸು ಬೇರೆಯವರ ಅಂಗಳದಲ್ಲಿ ಬೇಡ. ತರುವ ಮೊದಲು ಎರಡು ಪಕ್ಕದ ಮನೆಗೆ ಹೋಗಿ ಹೇಳಿ ಬನ್ನಿ. ಅಷ್ಟರಿಂದಲೇ ಅರ್ಧ ತಕರಾರು ಹುಟ್ಟೋದಿಲ್ಲ.

ಇನ್ನು ನಮ್ಮ ನೆಲದ ಅಪಾಯಗಳು.

ಹೆದ್ದಾರಿ 66. ನಾಲ್ಕು ಪಥ ಆದ ಮೇಲೆ ಗಾಡಿಗಳ ವೇಗ ನಿಮಗೂ ಗೊತ್ತು. ಹೆದ್ದಾರಿ ಬದಿಯ ಮನೆಗೆ ಬೇಲಿ, ಗೇಟು ಇಲ್ಲದೆ ನಾಯಿ ಬೇಡ.

ಕಾಡಂಚು. ಘಟ್ಟದ ಬುಡದ ತೋಟದ ಮನೆಗಳಲ್ಲಿ ರಾತ್ರಿ ನಾಯಿಯನ್ನು ಅಂಗಳದಲ್ಲಿ ಕಟ್ಟಿದ್ರೆ ಅದು ಚಿರತೆಗೆ ಊಟ ಬಡಿಸಿಟ್ಟ ಹಾಗೆ. ರಾತ್ರಿ ಕೊಟ್ಟಿಗೆಯಲ್ಲಿ ಬಾಗಿಲು ಹಾಕಿ ಮಲಗಿಸಿ.

ಉಣುಗು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹೊನ್ನಾವರ, ಭಟ್ಕಳದ ಕಾಡಂಚಿನವರಿಗೂ ಹೊಸತಲ್ಲ. ಅದು ಹರಡೋದು ಕಾಡಿನ ಉಣುಗಿನಿಂದ. ದರಕು ಗುಡಿಸುವ ಕಾಲದಲ್ಲಿ ಬೆಟ್ಟ ಸುತ್ತಿ ಬಂದ ನಾಯಿ ಮೈಮೇಲೆ ಉಣುಗು ಹೊತ್ತು ತರಬಹುದು. ಡಿಸೆಂಬರ್‌ನಿಂದ ಮೇವರೆಗೆ ಬೆಟ್ಟಕ್ಕೆ ಬಿಡಬೇಡಿ. ಕಿವಿ, ಕಾಲ್ಬೆರಳ ಸಂದಿ ದಿನಾ ನೋಡಿ. ಈ ಕೆಲಸವೂ ಮಕ್ಕಳದ್ದಲ್ಲ.

9/9
ಯಾರು ತರಬಾರದು, ಯಾಕೆ ತರಬೇಕು

ಮನೆಯಲ್ಲಿ ಅಂಬೆಗಾಲಿಡುವ ಕೂಸು ಇದ್ದು, ನೋಡಿಕೊಳ್ಳಲು ಒಬ್ಬರೇ ಇದ್ರೆ ಈಗ ಬೇಡ. ಎರಡು ಮೂರು ವರ್ಷ ಹೋಗಲಿ. ಮನೆಯಲ್ಲಿ ಒಬ್ಬರಿಗೆ ನಾಯಿ ಖಂಡಿತ ಇಷ್ಟವಿಲ್ಲ ಅಂದ್ರೆ, “ತಂದ ಮೇಲೆ ಸರಿಯಾಗ್ತಾರೆ” ಅಂತ ತರಬೇಡಿ. ವರ್ಷಕ್ಕೆ ಎರಡು ಸಲ ತಿಂಗಳುಗಟ್ಟಲೆ ಊರು ಬಿಡುವವರು, ಬಾಡಿಗೆ ಮನೆಯ ಮಾಲೀಕರಿಗೆ ಹೇಳದವರು, ಬರೀ ಕಳ್ಳರ ಕಾವಲಿಗೆ ನಾಯಿ ಬೇಕಾದವರು, ದಯವಿಟ್ಟು ಬೇಡ. ಎಲ್ಲ ಮಾಡಿದ ಮೇಲೂ ಹೊಂದಿಕೆ ಆಗದಿದ್ರೆ ಬೀದಿಗೆ ಬಿಡೋದಲ್ಲ. ಇನ್ನೊಂದು ಮನೆ ಸಿಗುವವರೆಗೆ ನಿಮ್ಮಲ್ಲೇ ಇಟ್ಟುಕೊಂಡು, ಅದರ ಸ್ವಭಾವದ ಬಗ್ಗೆ ಇದ್ದದ್ದು ಇದ್ದ ಹಾಗೆ ಹೇಳಿ ಕೊಡಿ.

ಈಗ ಎರಡನೇ ಕಂತಿನಲ್ಲಿ ಬಾಕಿ ಇಟ್ಟ ಮಾತು. ಮರಿಯನ್ನು ಬಿಟ್ಟುಬಂದ ದಿನ ಮನೆಯಲ್ಲಿ ಒಂದು ಮಗು ಇರ್ತದೆ. “ಅದು ಎಲ್ಲಿ?” ಅಂತ ಕೇಳ್ತದೆ. “ಒಳ್ಳೇ ಜಾಗಕ್ಕೆ ಹೋಗಿದೆ” ಅಂತ ನಾವು ಹೇಳ್ತೇವೆ. ಮಗು ನಂಬಿದ ಹಾಗೆ ಮಾಡ್ತದೆ. ಅದು ನಿಜವಾಗಿ ಕಲಿತದ್ದು ಬೇರೆ: ಸಣ್ಣದಾಗಿದ್ದಾಗ, ಚಂದ ಇದ್ದಾಗ ಮಾತ್ರ ಇಟ್ಟುಕೊಳ್ತಾರೆ. ದೊಡ್ಡದಾದ್ರೆ, ತೊಂದರೆ ಕೊಟ್ರೆ ಬಿಟ್ಟುಬರ್ತಾರೆ. ಆ ಮಗುವೂ ದೊಡ್ಡದಾಗ್ತಾ ಇರ್ತದೆ ಅಲ್ಲವಾ?

ಬೆಳೆದ ನಾಯಿ ತಂದ ಮನೆಯ ಮಗು ಕಲಿಯೋದು ಇದಕ್ಕೆ ತಿರುಗಾಮುರುಗಾ. ಈ ಜೀವಕ್ಕೆ ನಾವು ಸಿಗುವ ಮೊದಲೂ ಒಂದು ಬದುಕಿತ್ತು. ಅದಕ್ಕೆ ಅದರದ್ದೇ ಹೆದರಿಕೆ ಉಂಟು, ಬೇಡ ಅನ್ನುವ ಹಕ್ಕು ಉಂಟು. ಕಾಯಬೇಕು. ಒಂದು ದಿನ ಅದಾಗಿಯೇ ಬಂದು ಕಾಲ ಹತ್ತಿರ ಮಲಗ್ತದೆ. ಹಟ ಹಿಡಿದು ಪಡೆಯಲಾಗದ್ದು ಒಂದು ಉಂಟು ಅಂತ ಇಷ್ಟು ಮೆಲ್ಲಗೆ, ಇಷ್ಟು ಸರಿಯಾಗಿ ಕಲಿಸುವ ಮಾಸ್ತರೂ ಇಲ್ಲ, ಅಕ್ಕೋರೂ ಇಲ್ಲ.

ನಿಮ್ಮ ಕೇರಿಯಲ್ಲಿ ಅಂಥ ಒಂದು ನಾಯಿ ಈಗಲೇ ಇರಬಹುದು. ನಾಳೆಯಿಂದ ಎರಡು ವಾರ ಸುಮ್ಮನೆ ನೋಡಿ. ತೀರ್ಮಾನ ಆಮೇಲೆ ಮಾಡಿ. ಮನೆ ಬದಲಿಸುವವರ ನಾಯಿ ನಿಮಗೆ ಗೊತ್ತಿದ್ರೆ ವಯಸ್ಸು, ಸ್ವಭಾವ, ಊರು ಮಾತ್ರ ಕಾಮೆಂಟಿನಲ್ಲಿ ಬರೆಯಿರಿ. ಫೋನ್ ನಂಬರು ಬಹಿರಂಗವಾಗಿ ಹಾಕಬೇಡಿ, ಮೆಸೇಜ್ ಮಾಡಿ. ಮರಿ ಬೇಕು ಅಂತ ಹಟ ಹಿಡಿದ ಮಕ್ಕಳಿರುವ ಮನೆಗೆ ಈ ಒಂಬತ್ತೂ ಕಂತು ಕಳಿಸಿ.

#ಭಟ್ಕಳ #ಹೊನ್ನಾವರ #ಕುಮಟಾ #ಬೆಳೆದನಾಯಿಗೊಂದುಮನೆ #ಊರನಾಯಿ